ಕೊನೆಯ ಕೇಳುಗರ ಸೇವಾ ನಿಯಮಗಳು

ನಮ್ಮ ಶಾಸ್ತ್ರೀಯ ಕಲಾ ಸಂರಕ್ಷಣಾ ಇಲಾಖೆ ಎರಡು ವರ್ಷ ಬೆವರು ಸುರಿಸಿ ನಡೆಸಿದ ಗಣತಿಯ ಪ್ರಕಾರ, ಈ ಊರಿನಲ್ಲಿ ಶಾಸ್ತ್ರೀಯ ಸಂಗೀತ ಹಾಡುವವರು ನಾನೂರ ಹನ್ನೆರಡು ಮಂದಿ, ಅದು ಅಳಿದುಹೋಗುತ್ತಿದೆಯೆಂದು ಭಾಷಣ ಮಾಡುವವರು ಒಂಬೈನೂರು ಮಂದಿ, ಕೇಳುವವರು ಒಬ್ಬರು.

ಸಭಾಂಗಣದ ಕುರ್ಚಿಗಳಲ್ಲಿ ಜನ ಇರುತ್ತಿದ್ದದ್ದು ನಿಜ. ವಿಚಾರಿಸಿದರೆ ಮೊದಲ ಸಾಲಿನವರು ಗಾಯಕರ ಸಂಬಂಧಿಕರು, ಎರಡನೆಯ ಸಾಲಿನವರು ತಮ್ಮ ಸರದಿಗೆ ಕಾದ ಗಾಯಕರು, ಮಿಕ್ಕವರು ಫ್ಯಾನ್ ಇದೆಯೆಂದು ಬಂದವರು. ಹಿಂದಿನ ಕಂಬದ ಪಕ್ಕ ಮಾತ್ರ ಒಬ್ಬರು ಯಾರ ನೆಂಟರೂ ಅಲ್ಲದೆ, ಯಾವ ಕಾರಣವೂ ಇಲ್ಲದೆ, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅವರು ಬಸ್ ನಿಲ್ದಾಣದ ಎದುರು ವಾಚ್ ರಿಪೇರಿ ಮಾಡುವವರು. ನಿದ್ದೆಯೋ ಏನೋ ಎಂದು ಗಣತಿದಾರ ಭುಜ ಮುಟ್ಟಿದ.

"ಸ್ವಲ್ಪ ತಡೀರಿ, ಒಳ್ಳೆ ಜಾಗಕ್ಕೆ ಬರ್ತಾ ಇದಾರೆ" ಎಂದರು ಅವರು.

ಮರುದಿನವೇ ಇಲಾಖೆ ಅವರನ್ನು ಸಂರಕ್ಷಿತ ಕೇಳುಗರೆಂದು ಘೋಷಿಸಿತು. ನಮ್ಮ ಅಧೀಕ್ಷಕರು ಅಂಗಡಿಗೆ ಹೋಗಿ ಆದೇಶ ಓದಿದರು. ಗುಮಾಸ್ತನಾದ ನಾನು ಶಾಯಿ, ಮೊಹರು ಹಿಡಿದು ಪಕ್ಕದಲ್ಲಿದ್ದೆ.

"ನಾನೇನ್ ಮಾಡ್ಬೇಕು ಸಾರ್?"

"ಕೇಳ್ಬೇಕು, ಅಷ್ಟೇ."

"ಅದನ್ನ ಸುಮ್ನೆ ಮಾಡ್ತಾನೇ ಇದ್ನಲ್ಲ."

"ಸುಮ್ನೆ ಮಾಡೋದನ್ನ ಕಾಪಾಡೋಕಾಗಲ್ಲ ರೀ. ಅದಕ್ಕೊಂದು ಫೈಲ್ ಬೇಕು."

ಸೇವಾ ನಿಯಮಗಳನ್ನು ನಾನೇ ಟೈಪ್ ಮಾಡಿದೆ. ಕೇಳುಗರು ಹತ್ತೂವರೆಯಿಂದ ಐದೂವರೆಯವರೆಗೆ ಇಲಾಖೆಯ ಮೂರನೇ ಕಿಟಕಿಯಲ್ಲಿ ಕುಳಿತು, ಸಾಲಿನಲ್ಲಿ ಬರುವ ಗಾಯಕರನ್ನು ತಲಾ ಏಳು ನಿಮಿಷ ಕೇಳತಕ್ಕದ್ದು. ತಲೆದೂಗುವಿಕೆ ಹದಿನೈದು ಡಿಗ್ರಿ ಮೀರತಕ್ಕದ್ದಲ್ಲ. ದಿನಕ್ಕೆ ಆರು 'ಆಹಾ'; ಉಳಿದರೆ ಮರುದಿನಕ್ಕೆ ಒಯ್ಯುವಂತಿಲ್ಲ. 'ಭಲೇ' ಎನ್ನಲು ಪೂರ್ವಾನುಮತಿ ಬೇಕು. ನಿಯಮ ಹದಿನಾಲ್ಕು: ಕೇಳುಗರ ಕಿವಿಗಳು ಇಲಾಖೆಯ ಸ್ವತ್ತಾಗಿದ್ದು, ಸವೆತ ತಡೆಯುವ ದೃಷ್ಟಿಯಿಂದ ಖಾಸಗಿಯಾಗಿ ಏನನ್ನೂ ಕೇಳತಕ್ಕದ್ದಲ್ಲ.

ತೊಡಕು ಬಂದದ್ದು ಇಲ್ಲೇ. ಅವರ ಮನೆಯಲ್ಲಿ ಒಬ್ಬ ಅಕ್ಕ ಇದ್ದರು. ವೇದಿಕೆ ಹತ್ತಿದವರಲ್ಲ, ಆದ್ದರಿಂದ ಗಣತಿಯಲ್ಲಿಲ್ಲ. ಸಂಜೆ ಒಣಗಿದ ಬಟ್ಟೆ ಮಡಿಸುತ್ತ ಹಾಡುವುದು ಅವರ ಅಭ್ಯಾಸ. ಐದನೇ ವಯಸ್ಸಿನಿಂದ ಅದನ್ನು ಕೇಳಿ ಕೇಳಿಯೇ ಈ ತಮ್ಮ ಸಂಗೀತ ಕೇಳುವುದನ್ನು ಕಲಿತದ್ದು. ನಾನೂರ ಹನ್ನೆರಡು ಮಂದಿಯಲ್ಲಿ ಯಾರೂ ಅಕ್ಕನ ಹತ್ತಿರಕ್ಕೂ ಬರುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಅಕ್ಕನಿಗೆ ಎಂದೂ ಹೇಳಿರಲಿಲ್ಲ; ಹೇಳಿದರೆ ನಾಚಿಕೊಂಡು ಹಾಡು ನಿಲ್ಲಿಸಿಬಿಟ್ಟಾಳು ಎಂಬ ಭಯ.

"ಇವತ್ತಿಂದ ನೀನು ಹಾಡೋ ಹಾಗಿಲ್ಲ ಅಕ್ಕ."

"ಯಾಕೋ?"

"ನಾನು ಕೇಳೋ ಹಾಗಿಲ್ಲ."

"ಕಿವಿಗೆ ಹತ್ತಿ ಇಟ್ಕೋ."

"ಸರ್ಕಾರಿ ಕಿವಿ ಕಣಕ್ಕ. ಅದರೊಳಗೆ ಏನೂ ಇಡೋ ಹಾಗಿಲ್ಲ."

ಮೂರು ದಿನ ಮನೆಯಲ್ಲಿ ಬಟ್ಟೆಗಳು ಸೊಟ್ಟಸೊಟ್ಟ ಮಡಿಕೆಯಾದವು. ನಾಲ್ಕನೇ ಸಂಜೆ ಅಕ್ಕ ದನಿಯನ್ನು ನುಂಗಿಕೊಂಡು, ಬರೀ ತುಟಿಯಲ್ಲಿ ಹಾಡತೊಡಗಿದರು. ತೊಡೆಯ ಮೇಲೆ ತಾಳ, ರಾಗ ಮೇಲೇರಿದಲ್ಲಿ ಹುಬ್ಬು ಮೇಲೆ. ತಮ್ಮ ನೋಡುತ್ತ ಕುಳಿತು, ಸರಿಯಾದ ಜಾಗದಲ್ಲೇ ತಲೆದೂಗಿದರು. ನೋಡುವುದನ್ನು ಯಾವ ನಿಯಮವೂ ನಿಷೇಧಿಸಿರಲಿಲ್ಲ.

ಆ ವಾರ ದಿಢೀರ್ ತಪಾಸಣೆಗೆ ಹೋದ ಅಧೀಕ್ಷಕರು ಇದನ್ನು ಅರ್ಧ ಗಂಟೆ ಕಣ್ಣಾರೆ ಕಂಡರು. ಸಂಗೀತ ನಡೆಯುತ್ತಿದೆ, ಕಿವಿ ಖರ್ಚಾಗುತ್ತಿಲ್ಲ. ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹದಿನೈದು ದಿನದಲ್ಲಿ ಪ್ರಕಟಣೆ ಹೊರಬಿತ್ತು:

"ಶಬ್ದವೇ ಸವೆತಕ್ಕೆ ಮೂಲವೆಂದು ದೃಢಪಟ್ಟಿರುವುದರಿಂದ, ಬರುವ ಒಂದನೇ ತಾರೀಖಿನಿಂದ ಶಾಸ್ತ್ರೀಯ ಗಾಯನ ಹಾಗೂ ವಾದನವನ್ನು ಶಬ್ದರಹಿತವಾಗಿ ನಡೆಸತಕ್ಕದ್ದು. ನರ್ತಕರು ಗೆಜ್ಜೆಗಳನ್ನು ಕೌಂಟರಿನಲ್ಲಿ ಒಪ್ಪಿಸಿ ರಸೀದಿ ಪಡೆಯುವುದು."

ಫಲಿತಾಂಶ ನಮ್ಮ ಊಹೆಗೂ ಮೀರಿತು. ಸಂಗೀತ ಕಛೇರಿಗಳಿಗೆ ಜನ ನುಗ್ಗಿದರು. ಫೋನಿನಲ್ಲಿ ಮಾತಾಡಲು ಇನ್ನು ಯಾವ ಅಡಚಣೆಯೂ ಇರಲಿಲ್ಲ, ಕೂಸುಗಳು ಬೆಚ್ಚಿ ಏಳುತ್ತಿರಲಿಲ್ಲ. ಮೃದಂಗದವರು ಚರ್ಮಕ್ಕೆ ಕೂದಲೆಳೆಯಷ್ಟೂ ತಾಗದಂತೆ ಗಾಳಿಯಲ್ಲಿ ಕೈಯಾಡಿಸಿ ಬೆವರು ಹರಿಸಿದರು. ನಾನೂರ ಹನ್ನೆರಡು ಮಂದಿಯಲ್ಲಿ ಒಬ್ಬರೂ ಅಪಸ್ವರ ಹಾಡಲಿಲ್ಲ. ಪತ್ರಿಕೆಗಳು ಶ್ರುತಿಶುದ್ಧಿಯನ್ನು ಬಾಯ್ತುಂಬ ಹೊಗಳಿದವು. ಮಕ್ಕಳು ಹತ್ತು ವರ್ಷದ ಪಾಠವನ್ನು ಒಂದೇ ವಾರದಲ್ಲಿ ಮುಗಿಸಿದರು. ಎರಡನೇ ಗಣತಿಯಲ್ಲಿ ಕೇಳುಗರ ಸಂಖ್ಯೆ ಹನ್ನೊಂದು ಸಾವಿರ ದಾಟಿ, ಕಲೆ ಸಂಪೂರ್ಣ ಸುರಕ್ಷಿತವೆಂದು ಇಲಾಖೆಗೆ ಪದಕ ಬಂತು.

ಒಂದು ಸಂಜೆ ಮಾತ್ರ ಅಚಾತುರ್ಯವಾಯಿತು. ದಿಂಬಿನ ಕವರು ಮಡಿಸುತ್ತಿದ್ದ ಅಕ್ಕನ ಬಾಯಿಂದ, ರಾಗದ ತುದಿಯಲ್ಲಿ, ಒಂದು ಸಾಲು ದನಿಯಾಗಿ ಜಾರಿಬಿಟ್ಟಿತು. ಪಕ್ಕದ ಮನೆಯಾಕೆ ಓಡಿಬಂದರು.

"ಗಂಟಲಿಂದ ಏನೋ ಬಂತಲ್ಲ, ಹುಷಾರಿಲ್ವಾ?"

"ತಪ್ಪಾಯ್ತು ಕಣ್ರೀ," ಎಂದರು ಅಕ್ಕ.

ದೂರು ಬಂದಮೇಲೆ ಸುಮ್ಮನಿರುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಅಧೀಕ್ಷಕರೂ ನಾನೂ ಹೋದೆವು. ತಮ್ಮ 'ಕೇಳಿದೆ' ಎಂದು ಒಪ್ಪಿದರೆ ಅವರ ಅಮಾನತು, ಅಕ್ಕನಿಗೆ ಅಕ್ಕಪಕ್ಕದಲ್ಲೆಲ್ಲೂ ತುಟಿ ಆಡಿಸದಂತೆ ಕಾಯಂ ನಿರ್ಬಂಧ.

"ನಿನ್ನೆ ಕೇಳಿದ್ರಾ?"

ಅವರು ಕಾಗದ ತೆಗೆದುಕೊಂಡು, "ಸದರಿ ಸಂಜೆ ನಾನು ಏನನ್ನೂ ಕೇಳಿಲ್ಲ" ಎಂದು ದುಂಡಗೆ ಬರೆದು ಸಹಿ ಹಾಕಿದರು.

"ಸರಿ. ಮತ್ತೆ ತಲೆ ಯಾಕೆ ಆಡ್ತಿದೆ?"

"ನಿನ್ನೇದು ಸಾರ್. ಇನ್ನೂ ನಿಂತಿಲ್ಲ."

ಅಧೀಕ್ಷಕರು ಕೋನಮಾಪಕ ಹಿಡಿದು ಅಳೆದರು. ಹನ್ನೆರಡು ಡಿಗ್ರಿ, ಮಿತಿಯೊಳಗೇ ಇತ್ತು. ನಾವು ಹೊರಟೆವು.

ಕೋನಮಾಪಕ ಮರೆತದ್ದು ಬೀದಿಯ ಕೊನೆಯಲ್ಲಿ ನೆನಪಾಗಿ, ನಾನು ಹಿಂದಿರುಗಿದೆ. ಬಾಗಿಲು ತೆರೆದೇ ಇತ್ತು. ಅಕ್ಕ ಬರೀ ತುಟಿಯಲ್ಲಿ ಕೇಳುತ್ತಿದ್ದರು: ಹೇಗಿತ್ತೋ? ಹಾಡು ನಿಂತೀತೆಂಬ ಭಯ ತಮ್ಮನಿಗೆ ಈಗ ಇರಲಿಲ್ಲ. ಅದು ಹೇಗೂ ಅಧಿಕೃತವಾಗಿ ನಿಂತಿತ್ತು. ಅವರೂ ತುಟಿಯಲ್ಲೇ, ನಿಧಾನವಾಗಿ, ಒಂದಕ್ಷರವೂ ತಪ್ಪದಂತೆ ಹೇಳಿದರು: ಆ ನಾನೂರ ಹನ್ನೆರಡು ಜನರಲ್ಲಿ ಯಾರೂ ನಿನ್ನ ಹತ್ತಿರಕ್ಕೂ ಬರಲ್ಲ ಅಕ್ಕ.

ಅಕ್ಕ ಅದನ್ನು ಓದಿಕೊಂಡು, ಮಡಿಸಿಟ್ಟ ದಿಂಬಿನ ಕವರನ್ನು ಬಿಚ್ಚಿ, ಮತ್ತೆ ಮಡಿಸಿದರು. ಬಾಗಿಲಲ್ಲಿ ನಿಂತ ನನಗೆ ಏನೂ ಕೇಳಿಸಲಿಲ್ಲ. ಆಫೀಸಿಗೆ ಹೋಗಿ ಹಾಗೆಂದೇ ಟಿಪ್ಪಣಿ ಬರೆದು, ಮೊಹರು ಒತ್ತಿ, ಕಡತ ಮುಗಿಸಿದೆ.