ಅಕ್ಕನ ಎದುರಿನ ಏಳು ಗುಳಿ

ನನ್ನ ಅಕ್ಕನಿಗೆ ಐವತ್ತಾರರ ಆಚೆ ಲೆಕ್ಕ ಬರುವುದಿಲ್ಲ ಎಂದರೆ ನಂಬುತ್ತೀರಾ? ಅಂಗನವಾಡಿಯಲ್ಲಿ ಆಯುಷ್ಯವಿಡೀ ಮಕ್ಕಳಿಗೆ ಲೆಕ್ಕ ಕಲಿಸಿದವಳು! ಚೆನ್ನೆಮಣೆಯಲ್ಲಿ, ಅದೇ ಅಳಗುಳಿಮಣೆಯಲ್ಲಿ, ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಬೀಜ; ಒಟ್ಟು ಐವತ್ತಾರು. "ಅದಕ್ಕಿಂತ ಹೆಚ್ಚು ಬೇಕಾದವರು ದೊಡ್ಡ ಶಾಲೆಗೆ ಹೋಗಲಿ ಮಾರಾಯ," ಎನ್ನುತ್ತಾಳೆ.

ಮಳೆಗಾಲದ ಆಟಿ ತಿಂಗಳು ಮುಗಿದರೆ ನಮ್ಮ ಕಡೆ ಚೆನ್ನೆಮಣೆ ಅಟ್ಟ ಸೇರಬೇಕು. ಅಕ್ಕನದು ವರ್ಷವಿಡೀ ಅಂಗನವಾಡಿಯ ನೆಲದಲ್ಲೇ. ಒಮ್ಮೆ ತಪಾಸಣೆಗೆ ಬಂದ ಮೇಡಂ, ಅಂಕಿಗಳ ಚಾರ್ಟ್ ಎಲ್ಲಿ ಎಂದು ಕೇಳಿದರು. ಅಕ್ಕ ಅವರನ್ನು ಮಣೆಯ ಎದುರು ಕೂರಿಸಿದಳು. ಮೇಡಂ ಮೂರು ಆಟ ಸೋತು, ನಾಲ್ಕನೆಯದಕ್ಕೆ ಹಟ ಹಿಡಿದು, ಸುಳ್ಯದ ಬಸ್ಸು ತಪ್ಪಿಸಿಕೊಂಡರು. ಪುತ್ತೂರಿನ ಬಸ್ಸೂ ಇರಬಹುದು. ನನ್ನ ನೆನಪು ಕತೆ ಚೆಂದವಾಗುವ ಕಡೆಗೇ ವಾಲುತ್ತದೆ, ಪೂರ್ತಿ ನಂಬಬೇಡಿ.

ಅವಳ ಕೈಯಲ್ಲಿ ಕಲಿತ ಹುಡುಗಿಯೊಬ್ಬಳನ್ನು ಒಂದನೇ ಕ್ಲಾಸಿನ ಟೀಚರು ಕೇಳಿದರಂತೆ: "ಸೊನ್ನೆ ಎಂದರೆ ಎಂತ?"

"ಅದರಾಚೆ ಇದ್ದದ್ದು ನನಗೆ, ಟೀಚರ್."

ಚೆನ್ನೆಯಲ್ಲಿ ಬೀಜ ಹಂಚುತ್ತ ಕೈ ಬರಿದಾದಾಗ ಮುಂದಿನ ಗುಳಿ ಖಾಲಿ ಇದ್ದರೆ, ಅದರಾಚೆಯ ಗುಳಿಯ ಬೀಜವೆಲ್ಲ ಆಡಿದವರಿಗೆ. ಇದನ್ನು ಆ ಟೀಚರಿಗೆ ಯಾರು ಹೇಳಬೇಕು?

ಈಗ ಅಕ್ಕನಿಗೆ ನಿವೃತ್ತಿ. ನೆಟ್ಟಣದ ಬಾಡಿಗೆ ಮನೆಯಲ್ಲಿ ಒಬ್ಬಳೇ. ಸುತ್ತಲಿನ ಮಕ್ಕಳನ್ನೆಲ್ಲ ಬೆಳಿಗ್ಗೆಯೇ ಶಾಲಾ ವ್ಯಾನು ಒಯ್ಯುತ್ತದೆ. ಇವಳು ಮಣೆಯನ್ನು ಚೀಲಕ್ಕೆ ಹಾಕಿ ರೈಲು ನಿಲ್ದಾಣಕ್ಕೆ ಹೋಗಿ, ಕಾಯುತ್ತ ಕೂತವರನ್ನು "ಒಂದಾಟ ಆಡುದಾ?" ಎಂದು ಕೇಳುತ್ತಾಳೆ. ರೈಲು ಸಮಯಕ್ಕೆ ಸರಿಯಾಗಿ ಬಂದರೆ ಬೈಯುವವಳು ಊರಲ್ಲಿ ಇವಳೊಬ್ಬಳೇ.

ನಾನಿರುವ ಕಬಕದಿಂದ ಅವಳನ್ನು ನೋಡಲು ಹೋದಾಗಲೆಲ್ಲ, ಆಡದಿರಲು ನನಗೊಂದು ನೆಪ ಸಿದ್ಧ. ಒಡಹುಟ್ಟಿದವರು ಚೆನ್ನೆ ಆಡಿದರೆ ಮನೆ ಒಡೆಯುತ್ತದೆ. ಅಮ್ಮ ಹೇಳುತ್ತಿದ್ದ ಕಟ್ಟಳೆ. ನನಗೂ ಹೊರಡುವ ಅವಸರ.

ಕಳೆದ ವಾರ ಹೋದಾಗ ಬಾಗಿಲು ತೆರೆದಿತ್ತು. ಅಕ್ಕ ಮಣೆಯ ಈಚೆ ಕೂತು ಒಂದು ಕೈ ಆಡಿದಳು. ಮಂಡಿ ಹಿಡಿದು ಎದ್ದು, ಸುತ್ತಿ ಬಂದು, ಆಚೆ ಕೂತು ಇನ್ನೊಂದು ಕೈ.

"ಕೂತಲ್ಲಿಂದಲೇ ಕೈ ಚಾಚಿದರೆ ಸಾಕಲ್ಲ ಅಕ್ಕ? ಎದ್ದು ಹೋಗುದು ಯಾಕೆ?"

"ಎದ್ದು ಹೋದರೆ ಯಾರೋ ಬಂದ ಹಾಗೆ ಆಗ್ತದೆ."

ನಾನು ಚಪ್ಪಲಿ ಬಿಟ್ಟು ಅವಳ ಎದುರು ಕೂತೆ.

"ಮನೆ ಒಡೀತದೆ ಮಾರಾಯ," ಎಂದಳು. ನಗಲಿಲ್ಲ.

"ನೀನು ನೆಟ್ಟಣ, ನಾನು ಕಬಕ. ಇನ್ನು ಒಡೀಲಿಕ್ಕೆ ಎಂತ ಉಂಟು?"

ಅಕ್ಕ ಮಣೆಯ ಬೀಜವನ್ನೆಲ್ಲ ಬಾಚಿಕೊಂಡಳು. ಆಮೇಲೆ ನನ್ನ ಕಡೆಯ ಏಳು ಗುಳಿಗೆ ಬೀಜ ತುಂಬತೊಡಗಿದಳು, ಅಂಗನವಾಡಿಗೆ ಹೊಸದಾಗಿ ಬಂದ ಮಗುವಿಗೆ ಹೇಳಿಕೊಡುವ ಹಾಗೆ ಗಟ್ಟಿಯಾಗಿ ಎಣಿಸುತ್ತ. ಒಂದು. ಎರಡು. ಮೂರು. ನಾಲ್ಕು.

ನಾನೂ ದನಿಗೂಡಿಸಿದೆ.