ಸೋಮವಾರಪೇಟೆಯಲ್ಲಿ ಬೆಲೆ ಏರಿಸಿಕೊಂಡು ಕುಳಿತಿರುವ ಪಿನ್‌ಬಾಲ್ ಯಂತ್ರಕ್ಕೆ

ಅಮ್ಮತ್ತಿ,
೧೭ನೇ ಮಾರ್ಚ್ ೧೯೬೦, ಗುರುವಾರ.

ಶ್ರೀಮತ್ ಪಿನ್‌ಬಾಲ್ ಯಂತ್ರದವರ ಸಮ್ಮುಖಕ್ಕೆ,
ಕೇರಾಫ್ ಸಿದ್ದಬಸಪ್ಪನವರ ಹಳೇ ಸಾಮಾನಿನ ಅಂಗಡಿ,
ಸಂತೆ ಬೀದಿ, ಸೋಮವಾರಪೇಟೆ.

ಮಾನ್ಯರೇ,

ತಮ್ಮ ನಾಲ್ಕು ಕಾಲುಗಳೂ ಸಮನಾಗಿ ನೆಲ ಮುಟ್ಟಿವೆ, ಗಾಜಿಗೆ ಬಿರುಕು ಬಿದ್ದಿಲ್ಲ, ಹೊಟ್ಟೆಯೊಳಗಿನ ಐದು ಉಕ್ಕಿನ ಗುಂಡುಗಳೂ ಒಂದನ್ನೊಂದು ಅಗಲದೆ ಸುಖವಾಗಿವೆ ಎಂದು ನಂಬಿಕೊಂಡು, ಅಮ್ಮತ್ತಿ ವಿನೋದ ಸಂಘದ ಮೂವತ್ತೇಳು ಮಂದಿ ಸದಸ್ಯರ ಪರವಾಗಿ ತಮಗೆ ಬಾಗಿ ನಮಸ್ಕರಿಸುತ್ತೇನೆ. ಒಂದು ಯಂತ್ರಕ್ಕೆ ಕಾಗದ ಬರೆಯುವುದು ಸರಿಯೇ ಎಂದು ನಮ್ಮ ಅಧ್ಯಕ್ಷರಾದ ಬೋಜಪ್ಪನವರು ಮೊದಲು ಆಕ್ಷೇಪ ಎತ್ತಿದ್ದುಂಟು. ಆದರೆ ಸಂಘದ ಮುಂದಿನ ಮೋರಿಯ ವಿಷಯವಾಗಿ ನಾವು ಮನುಷ್ಯರಿಗೇ ಬರೆದ ಹನ್ನೊಂದು ಕಾಗದಗಳ ಗತಿಯನ್ನು ನಾನು ನೆನಪಿಸಿದ ಮೇಲೆ, ಉತ್ತರ ಬರುವ ಸಂಭವ ಎರಡು ಕಡೆಯೂ ಒಂದೇ ಎಂದು ಒಪ್ಪಿ, ಲಕೋಟೆಗೆ ಹದಿನೈದು ನಯಾಪೈಸೆ ಮಂಜೂರು ಮಾಡಿದರು. ಇದರ ಇನ್ನೊಂದು ಪ್ರತಿಯನ್ನು ಸಂಘದ ಬಾಗಿಲಿಗೆ ಅಂಟಿಸಿರುವುದರಿಂದ ಇದು ಬಹಿರಂಗ ಪತ್ರವೂ ಹೌದು.

ಬಾಗಿಲಲ್ಲಿ ನಿಂತು ಓದುವವರಿಗಾಗಿ ತಮ್ಮ ಪರಿಚಯವನ್ನು ಎರಡು ಮಾತಿನಲ್ಲಿ ಹೇಳುವುದು ನನ್ನ ಕರ್ತವ್ಯ. ತಾವು ಗಾಜು ಹೊದಿಸಿದ ಒಂದು ಇಳಿಜಾರು ಮೇಜು. ಮೂಲೆಯ ಸ್ಪ್ರಿಂಗಿನ ಹಿಡಿಯನ್ನು ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಹಾರಿ, ಮೊಳೆಯಿಂದ ಮೊಳೆಗೆ ಬಡಿದುಕೊಂಡು, ಅಲ್ಲೊಂದು ಗಂಟೆ ಬಾರಿಸಿ ಇಲ್ಲೊಂದು ದೀಪ ಹೊತ್ತಿಸಿ, ಕೊನೆಗೆ ಕೆಳಗಿನ ತೂತಿನಲ್ಲಿ ಮಾಯವಾಗುತ್ತದೆ. ಸಿಟ್ಟಿಗೆದ್ದು ಯಾರಾದರೂ ಮೇಜನ್ನು ಅಲುಗಾಡಿಸಿದರೆ ತಾವು ಅವರಿಗಿಂತ ಹೆಚ್ಚು ಸಿಟ್ಟಾಗಿ ಎಲ್ಲ ದೀಪ ಆರಿಸಿ ಆಟವನ್ನೇ ಮುಗಿಸಿಬಿಡುತ್ತೀರಿ. ನಮ್ಮ ಕೊಡಗಿನಲ್ಲಿ ಗುಂಡು ಎಂದರೆ ಕೋವಿಯಿಂದ ಹೊರಡುವುದು, ಇಲ್ಲವೇ ಗಂಟಲಲ್ಲಿ ಇಳಿಯುವುದು, ಇವೆರಡೇ ಇದ್ದವು. ಯಾರಿಗೂ ಪೆಟ್ಟು ಮಾಡದೆ, ಯಾರ ತಲೆಗೂ ಏರದೆ ಬರೀ ಉರುಳುವ ಗುಂಡನ್ನು ತೋರಿಸಿಕೊಟ್ಟ ಕೀರ್ತಿ ತಮ್ಮದು. ತಮ್ಮೊಳಗೆ ಏರಿದ್ದೆಲ್ಲ ಇಳಿಯಲೇಬೇಕು ಎಂಬ ನಿಯಮ ತಮ್ಮ ಬೆಲೆಗೂ ಅನ್ವಯಿಸುತ್ತದೆಂದು ನಾವು ತಿಳಿದದ್ದು ನಮ್ಮ ತಪ್ಪು. ಅಲ್ಲಿ ಏರು ಮಾತ್ರ ಇದೆ, ಪೇರು ಇಲ್ಲ.

ಎರಡು ವರ್ಷದ ಹಿಂದೆ ನಮ್ಮೂರಿನ ಬಿಳಿಯ ಪ್ಲಾಂಟರುಗಳ ಕ್ಲಬ್ಬು ಬಾಗಿಲು ಹಾಕಿದಾಗ, ಸವೆದ ಜಮಖಾನ ಒಂದು, ಬೆತ್ತ ಹರಿದ ಕುರ್ಚಿ ಎರಡು, ಇವುಗಳ ಜೊತೆಗೆ ತಮ್ಮನ್ನೂ ಸೇರಿಸಿ ಒಂದೇ ಲಾಟಿನಲ್ಲಿ ನಲವತ್ತು ರೂಪಾಯಿಗೆ ಹರಾಜು ಹಾಕಿದ್ದನ್ನು ತಾವು ಮರೆತಿರಲಾರಿರಿ. ಆ ಹೊತ್ತು ತಾವು ಮಾತಾಡುತ್ತಿರಲಿಲ್ಲ, ಬೆಳಗುತ್ತಿರಲಿಲ್ಲ. ಬಲಗಡೆಯ ಮುಂಗಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. ಸಿದ್ದಬಸಪ್ಪನವರು ಕುರ್ಚಿಗಾಗಿ ಲಾಟು ಕೂಗಿದರು. ತಾವು ಕೊಸರಾಗಿ ಬಂದಿರಿ. ಇಂದು ಆ ಕುರ್ಚಿಗಳ ಮೇಲೆ ಗಿರಾಕಿಗಳನ್ನು ಕೂರಿಸಿ ತಮ್ಮ ಬೆಲೆ ಹೇಳುತ್ತಾರೆ, ಏಕೆಂದರೆ ನಿಂತು ಕೇಳುವ ಬೆಲೆ ಅದಲ್ಲ. ಹಳೇ ಸಾಮಾನಿನಲ್ಲೂ ಇಷ್ಟೊಂದು ಮಾನ ಅಡಗಿರುತ್ತದೆಂದು ನಮಗೆ ತಿಳಿದಿರಲಿಲ್ಲ. ನನಗೂ ತಮಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ವಯಸ್ಸಾದಂತೆ ಬೆಲೆ ಏರುವ ಗುಟ್ಟನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿದರೆ ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದೀತು.

ನಾವು ತಮ್ಮ ಮೇಲೆ ಕಣ್ಣಿಟ್ಟದ್ದು ಆಟದ ಆಸೆಗಲ್ಲ ಎಂದರೆ ಅಧ್ಯಕ್ಷರ ವಿಷಯದಲ್ಲಿ ಸುಳ್ಳಾಗುತ್ತದೆ. ಆದರೆ ನಿಜವಾದ ಕಾರಣ ಪದ್ಮಯ್ಯ. ಆ ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷ ಬಿಲಿಯರ್ಡ್ಸ್ ಮೇಜಿನ ಹತ್ತಿರ ಲೆಕ್ಕ ಕೂಗುತ್ತ ನಿಂತಿದ್ದ ಮಾರ್ಕರ್ ಪದ್ಮಯ್ಯನೇ ತಮಗೆ ಎಣ್ಣೆ ಬಿಟ್ಟವನು, ತಂತಿ ಸುತ್ತಿದವನು, ಮಳೆಗಾಲದಲ್ಲಿ ತಮ್ಮ ಬ್ಯಾಟರಿಗೆ ತನ್ನ ಕಂಬಳಿ ಹೊದಿಸಿದವನು. ತಮ್ಮನ್ನು ಸೆಕೆಂಡ್ ಹ್ಯಾಂಡ್ ಎಂದು ಕರೆಯುವವರು ದೊರೆಗಳದ್ದು ಮೊದಲನೆಯ ಕೈ, ಸಿದ್ದಬಸಪ್ಪನವರದ್ದು ಎರಡನೆಯದು ಎಂದು ಎಣಿಸುತ್ತಾರೆ. ನಿಜವಾಗಿ ತಮ್ಮನ್ನು ಮುಟ್ಟಿ ನಡೆಸಿದ ಕೈ ಯಾವ ಎಣಿಕೆಗೂ ಸಿಕ್ಕಿಲ್ಲ. ಕ್ಲಬ್ಬು ಮುಚ್ಚಿದ ಮೇಲೆ ಅವನಿಗೆ ಕೆಲಸವಿಲ್ಲ. ಅರವತ್ತರ ಹತ್ತಿರ ಬಂದ ಬೆನ್ನು ಕಾಫಿ ಪಿಕ್ಕಿಂಗಿಗೆ ಬಾಗುವುದಿಲ್ಲ. ಕ್ಲಬ್ಬಿನ ಹಿಂದಿನ ಅವನ ಮನೆಯನ್ನು ಹೊಸ ಯಜಮಾನರು ಕಾಫಿ ಚೀಲ ತುಂಬಲು ಏಪ್ರಿಲ್ ಮುಗಿಯುವುದರೊಳಗೆ ಬಿಡಿಸಿಕೊಳ್ಳುತ್ತಾರೆ. ಆದುದರಿಂದ ಸಂಘವು, ತಾವು ಬಂದರೆ ಆಟಕ್ಕೆ ಇಷ್ಟೆಂದು ಕಾಸು ಹುಟ್ಟುತ್ತದೆ, ಆ ಕಾಸಿನಲ್ಲಿ ತಿಂಗಳಿಗೆ ಹದಿನೆಂಟು ರೂಪಾಯಿ ಸಂಬಳ ಕೊಟ್ಟು ಪದ್ಮಯ್ಯನನ್ನು ತಮ್ಮ ಮೇಲ್ವಿಚಾರಕನಾಗಿ ಇಟ್ಟುಕೊಂಡು, ಸಂಘದ ಹಾಲಿನ ಹಿಂದಿನ ಕೋಣೆಯನ್ನು ಗಂಡಹೆಂಡಿರಿಗೆ ಬಿಟ್ಟುಕೊಡುವುದೆಂದು ಠರಾವು ಮಾಡಿತು. ಕೋಣೆಗೆ ಸುಣ್ಣ ಬಳಿದು ಎಂಟು ತಿಂಗಳಾಯಿತು. ಅವನ ಹೆಂಡತಿ ಹೊನ್ನಮ್ಮ ನನ್ನನ್ನು ದಾರಿಯಲ್ಲಿ ಕಂಡಾಗಲೆಲ್ಲ, "ನಿಮಗೆ ಆಟದ ಚಿಂತೆ ಸ್ವಾಮಿ, ನನಗೆ ಅಕ್ಕಿ ಚಿಂತೆ. ಆ ಪೆಟ್ಟಿಗೆ ಬರುದೋ ಇಲ್ಲವೋ ಒಂದು ಹೇಳಿಬಿಡಿ" ಎನ್ನುತ್ತಾಳೆ. ಮುಂದಿನ ಸೋಮವಾರ ಎಂದು ಹೇಳಿ ಹೇಳಿ ನಾನು ಇಲ್ಲಿಗೆ ಮೂವತ್ತು ಸೋಮವಾರ ಕಳೆದಿದ್ದೇನೆ.

ಈಗ ವ್ಯಾಪಾರದ ವಿಷಯ. ನಮ್ಮ ಕಮಿಟಿಯ ಐದು ಮಂದಿಯೂ ಕಾಫಿ ಬೆಳೆಗಾರರು. ಎಂದರೆ ಹುಟ್ಟಿದ ಮೇಲೆ ಒಂದು ವಸ್ತುವಿನ ಬೆಲೆಯನ್ನು ಬಾಯಿಬಿಟ್ಟು ಕೇಳಿದವರಲ್ಲ. ನಾವು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಸುರಿದು ಬರುತ್ತೇವೆ. ಮೊದಲ ಕಂತು ಬರುತ್ತದೆ, ಆಮೇಲೆ ಎರಡನೆಯದು ಬರುತ್ತದೆ, ನಮ್ಮ ಕಾಫಿಯ ಬೆಲೆ ಎಷ್ಟಾಯಿತೆಂಬುದು ಅದನ್ನು ಯಾರೋ ಕುಡಿದು ಲೋಟ ತೊಳೆದಿಟ್ಟ ಎಷ್ಟೋ ಕಾಲದ ಮೇಲೆ ತಿಳಿಯುತ್ತದೆ. ಲೋಕದಲ್ಲಿ ಎಲ್ಲ ವ್ಯಾಪಾರವೂ ಹೀಗೇ ನಡೆಯುವುದೆಂದು ತಿಳಿದ ಬೋಜಪ್ಪನವರು, ಸಿದ್ದಬಸಪ್ಪನವರು ತಮ್ಮ ಬೆಲೆ ನೂರಿಪ್ಪತ್ತು ಎಂದು ಹೇಳುವ ಮೊದಲೇ ಕೈ ಅಡ್ಡ ಹಿಡಿದು, "ಅದೆಲ್ಲ ಈಗ ಯಾಕೆ, ಆಮೇಲೆ ನೋಡುವ" ಎಂದು, ಐವತ್ತು ರೂಪಾಯಿ ಮೊದಲ ಕಂತು ಕೊಟ್ಟು, ಉಳಿದದ್ದನ್ನು ಕಡೆಯ ಕಂತಿನ ದಿನ ಪೇಟೆಯಲ್ಲಿ ಇರುವ ಬೆಲೆಯ ಪ್ರಕಾರ ತೀರಿಸುವುದೆಂದು ಸ್ವಂತ ಕೈಯಿಂದಲೇ ಕಾಗದ ಬರೆದು ರುಜು ಹಾಕಿದರು. ಸಿದ್ದಬಸಪ್ಪನವರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿ, ಬಹಳ ಗೌರವದಿಂದ ಮಡಚಿ ಗಲ್ಲಾಪೆಟ್ಟಿಗೆಯ ದೇವರ ಪಟದ ಹಿಂದೆ ಇಟ್ಟುಕೊಂಡರು. ಈ ಅಂಗಡಿ ಇಡುವ ಮೊದಲು ಮಾಡಿದ ಮೂವತ್ತು ವರ್ಷದ ಏಲಕ್ಕಿ ವ್ಯಾಪಾರದಲ್ಲೂ ಅಂಥ ಕಾಗದ ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲವಂತೆ.

ಫಲವೇನೆಂದರೆ, ಮೊದಲ ದಿನ ನೂರಿಪ್ಪತ್ತಕ್ಕೆ ಮನೆಗೆ ಬರುತ್ತಿದ್ದ ತಾವು, ಮೂರು ಕಂತಿನಲ್ಲಿ ನೂರಮೂವತ್ತು ಕೊಟ್ಟ ಮೇಲೆ ಇನ್ನೂ ನೂರ ಎಂಬತ್ತು ರೂಪಾಯಿ ದೂರದಲ್ಲಿದ್ದೀರಿ. ಕಂತು ಕಟ್ಟಿ ಕಟ್ಟಿ ಸಂಘವೇ ಕಂತುವ ಹಾಗಾಗಿದೆ.

ಪೇಟೆ ಏರಿದ್ದು ಏಕೆ ಎಂಬುದನ್ನು ನಾವು ತಡವಾಗಿ ತಿಳಿದೆವು. ಕುಟ್ಟದಿಂದ ಒಬ್ಬರು ಕೇಳಿದರು, ಮಡಿಕೇರಿಯಿಂದ ಇಬ್ಬರು ಬಂದು ನೋಡಿದರು ಎಂದು ಸಿದ್ದಬಸಪ್ಪನವರು ಹೇಳುತ್ತಿದ್ದುದು ಸುಳ್ಳಲ್ಲ. ಆದರೆ ಅವರು ನೋಡಲು ಬಂದದ್ದು ತಾವು ಬೆಳಗತೊಡಗಿದ ಮೇಲೆ, ತಮ್ಮನ್ನು ಬೆಳಗಿಸಿದವನು ಪದ್ಮಯ್ಯ. ಸೋಮವಾರ ಬಂತೆಂದರೆ ಅವನು ಹೊನ್ನಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿಯ ಗಂಟು ಹಿಡಿದು, ಸ್ವಂತ ಖರ್ಚಿನಲ್ಲಿ ಎರಡು ಬಸ್ಸು ಬದಲಾಯಿಸಿ ಸೋಮವಾರಪೇಟೆಗೆ ಬಂದು, ಸಂತೆಯ ಗದ್ದಲದ ನಡುವೆ ತಮ್ಮ ಅಡಿಯಲ್ಲಿ ಮಲಗಿಬಿಡುತ್ತಿದ್ದನಂತೆ. ಗಂಟೆ ಮತ್ತೆ ಬಾರಿಸಿದ ವಾರ ಮೂವತ್ತು ರೂಪಾಯಿ ಏರಿತು. ದೀಪಗಳು ಹತ್ತಿದ ವಾರ ನಲವತ್ತು. ಮುಂಗಾಲಿನ ಇಟ್ಟಿಗೆ ತೆಗೆದು ನಂದಿ ಮರದ ಗಟ್ಟಿ ಕಾಲು ಕೂಡಿಸಿದ ವಾರದಲ್ಲಿ ಎಷ್ಟು ಏರಿತೆಂದು ಬರೆಯಲು ನನ್ನ ಕೈ ಏಳುವುದಿಲ್ಲ. ತನ್ನ ಕೆಲಸಕ್ಕೆ ತಾನೇ ಎಟುಕದಷ್ಟು ಎತ್ತರಕ್ಕೆ ಅವನು ತಮ್ಮನ್ನು ವಾರವಾರವೂ ಎತ್ತಿ ಇಡುತ್ತಿದ್ದ.

ಇದನ್ನು ಅವನಿಗೆ ವಿವರಿಸಲು ಕಮಿಟಿ ವಿಶೇಷ ಸಭೆ ಕರೆಯಿತು. ಇನ್ನು ಮುಂದೆ ಪದ್ಮಯ್ಯನು ಯಂತ್ರವನ್ನು ರಿಪೇರಿ ಮಾಡತಕ್ಕದ್ದಲ್ಲ ಎಂಬ ಠರಾವನ್ನು ನಾನು ಓದಿ ಹೇಳಿದೆ. ಅವನು ಟೊಪ್ಪಿ ತೆಗೆದು ಕೇಳಿ, "ಆಗಲಿ ಸ್ವಾಮಿ, ಬರಿ ನೋಡಿಕಂಡು ಬಂದರೆ ತೊಂದರೆ ಇಲ್ಲೆಯಲ್ಲ?" ಎಂದ. ನೋಡಲು ಅಡ್ಡಿಯಿಲ್ಲವೆಂದು ಠರಾವಿಗೆ ತಿದ್ದುಪಡಿ ತಂದೆವು. ಅವನು ಹೋಗಿ ನೋಡಿದ. ಆ ವಾರ ಇಪ್ಪತ್ತೈದು ರೂಪಾಯಿ ಏರಿತು.

ಹೀಗಿರುವಾಗ ಕುಶಾಲನಗರದ ಕಡೆಯಿಂದ ಹೋಗಿ ಮೈಸೂರಿನಲ್ಲಿ ಹೋಟೆಲು ಇಟ್ಟಿರುವ ಸಣ್ಣಸ್ವಾಮಿ ಎಂಬ ಮಹನೀಯರು ಬರುವ ಸೋಮವಾರ ಲಾರಿಯ ಸಮೇತ ತಮ್ಮನ್ನು ನೋಡಲು ಬರುತ್ತಾರೆಂದೂ, ಮೆಚ್ಚಿದರೆ ಅಲ್ಲೇ ಹಣ ಎಣಿಸುತ್ತಾರೆಂದೂ ತಿಳಿದುಬಂದಿದೆ. ನಮ್ಮಲ್ಲಿ ಕೂಡಿಸಿದ್ದು ನೂರು ರೂಪಾಯಿ ಮಾತ್ರ. ಆದುದರಿಂದ, ಜಗತ್ತಿನ ಯಾವ ಯಂತ್ರಕ್ಕೂ ಯಾರೂ ಮಾಡಿರಲಾರದ ಪ್ರಾರ್ಥನೆಯನ್ನು ತಮ್ಮಲ್ಲಿ ಮಾಡುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ತಾವು ದಯಮಾಡಿ ಕೆಟ್ಟುಹೋಗಬೇಕು. ಸಣ್ಣಸ್ವಾಮಿಯವರು ಹಿಡಿ ಮುಟ್ಟಿದ ಕೂಡಲೆ ದೀಪ ಆರಿಸಿಕೊಂಡು, ಗುಂಡುಗಳನ್ನು ನುಂಗಿಕೊಂಡು, ಸಾಧ್ಯವಾದರೆ ಒಂದು ಕಾಲಿಗೆ ಗೆದ್ದಲು ಹಿಡಿಸಿಕೊಂಡು, ಮೂರು ದಿನದ ಮಟ್ಟಿಗೆ ಮುದುಕರಾಗಿಬಿಡಬೇಕು. ಅದೂ ಆಗದಿದ್ದರೆ, ನನ್ನ ಬೆಲೆ ನನಗೆ ಒಪ್ಪಿಗೆಯಿಲ್ಲ ಎಂದು ಸಿದ್ದಬಸಪ್ಪನವರಿಗೆ ಒಂದು ಸಾಲಿನ ರಾಜೀನಾಮೆಯನ್ನಾದರೂ ಕೊಡಬೇಕು. ಅಮ್ಮತ್ತಿಗೆ ಬಂದ ಮೇಲೆ ತಾವು ಮತ್ತೆ ಎಷ್ಟು ಬೇಕಾದರೂ ಬೆಲೆ ಬಾಳಬಹುದು.

ಇಷ್ಟನ್ನು ನಡೆಸಿಕೊಟ್ಟರೆ ತಮ್ಮ ಮೊಳೆಗಳಿಗೆ ತುಕ್ಕು ಹಿಡಿಯುವವರೆಗೂ ಋಣಿಯಾಗಿರುವ,

ತಮ್ಮ ವಿಶ್ವಾಸಿ,
ಸೋಮಯ್ಯ, ಬಿ.ಎ.,
ಕಾರ್ಯದರ್ಶಿ, ಅಮ್ಮತ್ತಿ ವಿನೋದ ಸಂಘ.

ತಾ.ಕ.: ಬುಧವಾರ. ಈ ಪತ್ರ ಅಂಚೆಗೆ ಬೀಳುವ ಮೊದಲೇ ಸೋಮವಾರ ಬಂದು ಹೋದುದರಿಂದ ಮೇಲಿನ ವಿಳಾಸವನ್ನು ಹೊಡೆದುಹಾಕಿ ಮೈಸೂರಿನ ವಿಳಾಸ ಬರೆದಿದ್ದೇನೆ. ಪತ್ರ ತಲುಪದೆಯೂ ತಾವು ನಮ್ಮ ಮಾತು ನಡೆಸಿಕೊಟ್ಟಿರಿ ಎಂಬುದನ್ನು ಸಂಘವು ಎಂದೂ ಮರೆಯುವುದಿಲ್ಲ. ಕಮಿಟಿಯವರು ನಾವು ನೂರು ರೂಪಾಯಿ ಹಿಡಿದು ಅಂಗಡಿಯಲ್ಲೇ ನಿಂತಿರುವಾಗ ಸಣ್ಣಸ್ವಾಮಿಯವರು ಹಿಡಿ ಎಳೆದರು. ಗಂಟೆಯಿಲ್ಲ, ದೀಪವಿಲ್ಲ, ಗುಂಡು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. "ಏನ್ರೀ ಸಿದ್ದಬಸಪ್ಪನೋರೆ, ಹೆಣ ತೋರ್ಸಕ್ಕೆ ಮೈಸೂರಿಂದ ಕರೆಸಿದ್ರಾ?" ಎಂದು ಅವರು ಲಾರಿಯ ಕಡೆ ತಿರುಗಿದಾಗ, ಸಿದ್ದಬಸಪ್ಪನವರು ನಮ್ಮ ಕಡೆ ತಿರುಗಿ, "ಸ್ವಾಮಿ, ಇನ್ನೊಂದು ನೂರು ಇಟ್ಟು ಎತ್ಕೊಂಡ್ ಹೋಗಿ, ನನ್ನ ಕಣ್ಮುಂದೆ ಬೇಡ" ಎಂದರು. ಬೋಜಪ್ಪನವರು ಕೋಟಿನ ಒಳಜೇಬಿಗೆ ಕೈ ಹಾಕಿ, ಕೈಯಾರೆ ಹಣ ಎಣಿಸಿ ರೂಢಿಯಿಲ್ಲದವರಾದ್ದರಿಂದ ಎರಡನೆಯ ಸಲ ಎಣಿಸತೊಡಗಿದರು. ಬೀದಿಯ ಆಚೆ ಚಹಾದಂಗಡಿಯಲ್ಲಿ ನಾವೇ ಕೂರಿಸಿ ಬಂದಿದ್ದ ಪದ್ಮಯ್ಯ, ಗಂಟೆ ಬಾರಿಸದಿದ್ದುದನ್ನು ಕೇಳಿಸಿಕೊಂಡು ಒಳಗೆ ಬಂದ. ನಾನು ಎರಡು ಸಲ ಕೆಮ್ಮಿದೆ. "ಸ್ವಾಮಿಗೆ ಯಾರಾದರೂ ನೀರು ಕೊಡಿ" ಎಂದು ಹೇಳಿ, ಅವನು ತಮ್ಮ ಬೆನ್ನಿನ ಹಲಗೆ ತೆಗೆದು ಒಳಗೆ ಕೈ ಹಾಕಿ, ಒಂದೆರಡು ನಿಮಿಷದಲ್ಲಿ, "ಒಂದು ತಂತಿ ಬಿಟ್ಟಿತ್ತು, ಅಷ್ಟೆ" ಎಂದ. ತಾವು ಎಲ್ಲ ದೀಪಗಳನ್ನೂ ಒಟ್ಟಿಗೆ ಹೊತ್ತಿಸಿ, ಅಂಗಡಿಯ ಮುಂದೆ ಜನ ಸೇರುವಷ್ಟು ಗಂಟೆ ಬಾರಿಸಿದಿರಿ.

ಸಣ್ಣಸ್ವಾಮಿಯವರು ಮುನ್ನೂರ ಎಪ್ಪತ್ತೈದು ಕೊಟ್ಟರು. ಆದರೆ ಈ ಮನುಷ್ಯ ಜೊತೆಗೆ ಬಂದರೆ ಮಾತ್ರ ಎಂದರು: ತಿಂಗಳಿಗೆ ನಲವತ್ತೈದು, ಇರಲು ಮನೆ, ಇಬ್ಬರಿಗೂ ಎರಡು ಹೊತ್ತಿನ ಊಟ. ಪದ್ಮಯ್ಯ ನನ್ನ ಹತ್ತಿರ ಬಂದು, "ಕೋಣೆಗೆ ಸುಣ್ಣ ಎಲ್ಲ ಬಳಿದಿದ್ದಿರಿ. ಹೋಗಲಾ ಸ್ವಾಮಿ?" ಎಂದು ಕೇಳಿದ. ಕಾರ್ಯದರ್ಶಿಯಾಗಿ ನಾನು ಹೇಳಬೇಕಾದ್ದು ಬೇರೆ ಇತ್ತು, ಹೋಗು ಎಂದೆ. ನಿನ್ನೆ ತಮ್ಮನ್ನು ಹೊತ್ತ ಲಾರಿ ನಮ್ಮೂರಿಗೆ ಬಂದು ಅವರ ಪಾತ್ರೆಪರಡಿ ಏರಿಸಿಕೊಂಡಿತು. ಹೊನ್ನಮ್ಮ ತಮ್ಮ ಗಾಜಿನ ಮೇಲೆ ಅಕ್ಕಿಯ ಡಬ್ಬ ಇಟ್ಟುಕೊಂಡು, ಅದನ್ನು ಎರಡು ಕೈಯಿಂದ ಹಿಡಿದು ಕೂತಿದ್ದಳು. ಸಿದ್ದಬಸಪ್ಪನವರು ನಮ್ಮ ನೂರಮೂವತ್ತನ್ನು ಹಿಂದಕ್ಕೆ ಕೊಟ್ಟರು. ಇಪ್ಪತ್ತೆರಡು ವರ್ಷ ಒಂದೇ ದರದಲ್ಲಿ ನಿಂತಿದ್ದ ಪದ್ಮಯ್ಯ ಒಂದೇ ದಿನ ಏರಿದ್ದನ್ನು ಕಮಿಟಿ ಸರ್ವಾನುಮತದಿಂದ ದಾಖಲೆ ಮಾಡಿದೆ.

ಇನ್ನು ತಮ್ಮಲ್ಲಿ ಒಂದೇ ಕೋರಿಕೆ. ಹೋಟೆಲಿನ ಯಜಮಾನರು ಜಾಣರು. ತಾವು ಸತತವಾಗಿ ಸರಿಯಾಗಿ ನಡೆಯುವುದನ್ನು ಕಂಡರೆ ಆ ನಲವತ್ತೈದು ರೂಪಾಯಿ ಯಾತಕ್ಕೆ ಎಂದು ಯೋಚಿಸುವ ಸಂಭವ ಉಂಟು. ಆದಕಾರಣ ತಾವು ತಿಂಗಳಿಗೆ ಎರಡು ಸಲವಾದರೂ, ಪದ್ಮಯ್ಯನ ಹೊರತು ಬೇರೆ ಯಾರ ಕೈಗೂ ಬಗ್ಗದಂತೆ ಕೆಡುತ್ತಿರತಕ್ಕದ್ದು. ಒಂದು ತಿಂಗಳು ಪೂರ್ತಿ ತಾವು ಚೆನ್ನಾಗಿದ್ದೀರೆಂಬ ಸುದ್ದಿ ನಮಗೆ ಮುಟ್ಟಿದಲ್ಲಿ, ಕಮಿಟಿಯ ಐದು ಮಂದಿಯೂ ಬೋಜಪ್ಪನವರ ಜೀಪಿನಲ್ಲಿ ಮೈಸೂರಿಗೆ ಬಂದು, ಕಾಫಿ ಕುಡಿಯುವ ನೆಪದಲ್ಲಿ ಒಳಹೊಕ್ಕು, ತಮ್ಮನ್ನು ಚೆನ್ನಾಗಿ ಅಲುಗಾಡಿಸಿ ಹೋಗಬೇಕಾಗುತ್ತದೆ ಎಂದು ವಿಷಾದದಿಂದ ತಿಳಿಸುತ್ತೇನೆ.