ಸುಮಂತನ ಕೋರಂ

ಪತ್ರ ಹಂಚುತ್ತಿದ್ದ ಹುಚ್ಚ ಎಂಬ ಜವಾನ ನಿವೃತ್ತನಾದದ್ದೇ ಸುಮಂತನಿಗೆ ಮುಳುವಾಯಿತು. ಶಿರಸಿಯ ಜೇನು ಸಾಕಣೆದಾರರ ಸಂಘದ ಏಳು ನಿರ್ದೇಶಕರಿಗೆ ಹುಚ್ಚ ಏಳು ಲಕೋಟೆ ಒಯ್ಯುತ್ತಿದ್ದ. ಒಂದೊಂದರ ಮೇಲೆ ಒಂದೊಂದೇ ಹೆಸರು. ಹಾಗಾಗಿ ಯಾರು ಮೊದಲು, ಯಾರು ಕೊನೆ ಎಂಬ ಪ್ರಶ್ನೆ ಮೂವತ್ತು ವರ್ಷ ಲಕೋಟೆಯೊಳಗೇ ನಿದ್ದೆ ಮಾಡಿತ್ತು.

ಇಂದು ನಾಲ್ಕಕ್ಕೆ ಸಭೆ. ವಿಷಯ ಒಂದೇ: ಒಂಬತ್ತು ವರ್ಷದಿಂದ ಹಂಗಾಮಿ ಗುಮಾಸ್ತನಾಗಿರುವ ಸುಮಂತನನ್ನು ಕಾಯಂ ಮಾಡುವುದು. ಐವರಾದರೂ ಬಂದರೆ ಕೋರಂ. ಇಲ್ಲದಿದ್ದರೆ ಮುಂದಿನ ವರ್ಷದ ಮಾತು.

ಬೆಳಿಗ್ಗೆ ಒಂಬತ್ತಕ್ಕೆ ಸುಮಂತ ಏಳೂ ವಿಳಾಸಗಳನ್ನು ‘ಟು’ ಎಂಬಲ್ಲಿ ಸಾಲಾಗಿ ತುಂಬಿ, ಲಕೋಟೆಯ ಬದಲು ಮೊದಲ ಬಾರಿಗೆ ಸಭೆ ನೆನಪಿಸುವ ಇಮೇಲ್ ಕಳಿಸಿದ. ಐದೇ ನಿಮಿಷಕ್ಕೆ ಸೋಂದಾದಿಂದ ಫೋನ್. ಅತಿ ಹಿರಿಯ ನಿರ್ದೇಶಕರಾದ ಶಾಂತಾರಾಮ ಹೆಗಡೆಯವರು.

“ತಮಾ, ಈ ಸಂಘ ಹುಟ್ಟಿದ್ದು ಯಾರ ಮನೆ ಜಗಲಿ ಮೇಲೆ ಹೇಳಿ ಗೊತ್ತಿದ್ದಾ?”

“ನಿಮ್ಮನೆ ಜಗಲಿ ಮೇಲೇಯ, ಶಾಂತಾರಾಮಣ್ಣ.”

“ಮತ್ತೆ ಯನ್ನ ಹೆಸ್ರು ಏಳನೇದು ಎಂತಕ್ಕಾತು? ಊಟದ ಪಂಕ್ತಿಲಿ ಆನು ಏಳನೇ ಎಲೆಗೆ ಕೂತಿದ್ದು ನೋಡಿದ್ಯಾ? ಆನು ಬತ್ನಿಲ್ಲೆ.”

ಸುಮಂತ ತಕ್ಷಣ ಹೊಸ ಇಮೇಲ್ ಮಾಡಿದ. ‘ಟು’ದಲ್ಲಿ ಹೆಗಡೆಯವರೊಬ್ಬರೇ, ಉಳಿದ ಆರು ಮಂದಿ ಅದರ ಕೆಳಗಿನ ‘ಸಿಸಿ’ಯಲ್ಲಿ. ಈ ಸಲ ಫೋನ್ ಮಾಡಿದವರು ಇನ್ನೊಬ್ಬ ನಿರ್ದೇಶಕ, ಬನವಾಸಿಯ ಶಂಕ್ರಪ್ಪನವರು. ನಿವೃತ್ತ ಹೆಡ್‌ಕ್ಲರ್ಕ್.

“ಏನಪಾ ಸುಮಂತ, ಪತ್ರ ಒಬ್ಬರಿಗೆ, ಪ್ರತಿ ನಮಗ. ಕಚೇರಿಯೊಳಗ ಪ್ರತಿ ಬಂತಂದ್ರ ಏನರ್ಥ? ‘ಮಾಹಿತಿಗಾಗಿ’. ಓದಬೇಕು, ಫೈಲಿಗೆ ಹಾಕಬೇಕು, ಸುಮ್ಮನ ಕುಂದರಬೇಕು. ಓದೀನಿ. ಕುಂತೀನಿ.”

“ಸಾಹೇಬ್ರೆ, ತಾವು ಬರಲೇಬೇಕು.”

“ಪ್ರತಿ ಹೋದವ್ರು ಸಭಾಕ್ಕ ಬಂದದ್ದು ನನ್ನ ಸರ್ವೀಸಿನಾಗ ಕಂಡಿಲ್ಲಪಾ.”

ಆಮೇಲೆ ಫೋನು ಕಲ್ಲು ಬಿದ್ದ ಜೇನುಗೂಡಾಯಿತು. ಹತ್ತೂವರೆಯ ಹೊತ್ತಿಗೆ, ಸಭೆಗೆ ಬರುವವರೆಂದು ಉಳಿದದ್ದು ಹೆಗಡೆಯವರೊಬ್ಬರೇ. ಸುಮಂತ ಗಾಳಿ ಹೋದ ಸೈಕಲ್ಲಿನಂತೆ ಗೋಡೆಗೆ ಒರಗಿದ.

ಪಕ್ಕದ ಮೇಜಿನ ಮಧುರಾ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ಸುಮಂತಣ್ಣ, ಎಲ್ಲರನ್ನೂ ಬಿಸಿಸಿಗೆ ಹಾಕು. ಏಳೂ ಜನಕ್ಕೆ ಹೋಗ್ತು, ಒಬ್ರ ಹೆಸ್ರು ಇನ್ನೊಬ್ರಿಗೆ ಕಾಣ್ತಿಲ್ಲೆ.”

“ಟುಗೆ ಯಾರನ್ನ ಹಾಕವು?”

“ನಿನ್ನನ್ನೇ ಹಾಕ್ಯ. ನಿನ್ನ ಹೆಸ್ರು ಮೇಲಿದ್ರೆ ಯಾರಿಗೂ ಹೊಟ್ಟೆಕಿಚ್ಚಾಗ್ತಿಲ್ಲೆ.”

ಸಿಸಿಯಿಂದ ಬಿಸಿಯಾದವರನ್ನು ಬಿಸಿಸಿ ತಣ್ಣಗೆ ಮಾಡಿತು. ಹೆಗಡೆಯವರು ಫೋನಿನಲ್ಲಿ ಪಿಸುಗುಟ್ಟಿದರು: “ಇದ್ರಲ್ಲಿ ನಿನ್ನ ಹೆಸ್ರೊಂದೇ ಇದ್ದು. ಅಂದ್ರೆ ಈ ಸಲದ ಕರೆ ನಿಂಗೂ ಯಂಗೂ ಮಾತ್ರ ಗೊತ್ತು. ಉಳಿದವ್ರನ್ನ ಕೈಬಿಟ್ಟಿದ್ದು ಒಳ್ಳೇದಾತು. ಯಾರಿಗೂ ಹೇಳಡ, ಆನು ಬತ್ತೆ.” ಶಂಕ್ರಪ್ಪನವರದೂ ಅದೇ ಗುಟ್ಟಿನ ದನಿ: “ನನ್ನೊಬ್ಬನ್ನ ನಂಬಿ ಕರದೀ. ಬರದಿದ್ರ ಹೆಂಗ?”

ನಾಲ್ಕು ಗಂಟೆಗೆ ಏಳೂ ಕುರ್ಚಿ ತುಂಬಿದವು. ಕರೆಯದ ನೆಂಟರನ್ನು ನೋಡುವಂತೆ ಒಬ್ಬರು ಇನ್ನೊಬ್ಬರನ್ನು ನೋಡಿದರು. ಫೋನುಗಳು ಹೊರಬಂದವು. ಏಳರಲ್ಲೂ ಅದೇ ಪತ್ರ, ಮೇಲೆ ಸುಮಂತನ ಹೆಸರೊಂದೇ. ಸುಮಂತ ಬಾಗಿಲ ಬಳಿಗೆ ಸರಿದು ನಿಂತ.

ಶಂಕ್ರಪ್ಪನವರು ಮೊದಲು ನಕ್ಕರು. “ಏಳೂ ಮಂದಿ ಒಂದ ಕಡೆ ಕೂಡಿದ್ದು ಹನ್ನೊಂದು ವರ್ಷದಾಗ ಇದ ಮೊದಲ್ರಿ.”

“ಇಂಥಾ ಹುಷಾರಿ ಮಾಣಿ ಮತ್ತೆ ಸಿಕ್ತ್ನಿಲ್ಲೆ,” ಎಂದರು ಹೆಗಡೆಯವರು.

ಸುಮಂತನ ಎದೆಯಲ್ಲಿ ವಾಲಗ ಶುರುವಾಯಿತು.

“ಹಿಂದಿನ ಗುಮಾಸ್ತ ಕಾಯಂ ಆದಮೇಲೆ ಒಂದಿನವೂ ಯಂಗೆ ಫೋನ್ ಮಾಡಿದ್ನಿಲ್ಲೆ,” ಹೆಗಡೆಯವರು ಮುಂದುವರಿಸಿದರು.

“ಖರೇ ಅದ,” ಎಂದರು ಶಂಕ್ರಪ್ಪನವರು. “ಇಂವ ಹಂಗಾಮಿ ಇದ್ದಾನಂತನ ಇಷ್ಟು ಒದ್ದಾಡ್ತಾನ. ಕಾಯಂ ಮಾಡಿದ್ವಿ ಅಂದ್ರ ನಮ್ಮನ್ನ ಕೂಡಸವ್ರು ಯಾರ್ರಿ?”

ಏಳೂ ಕೈಗಳು ಒಟ್ಟಿಗೆ ಮೇಲೆದ್ದವು. ಸಂಘದ ಚರಿತ್ರೆಯಲ್ಲೇ ಮೊದಲ ಸರ್ವಾನುಮತ.

ಠರಾವು ಬರೆಯುವುದು ಗುಮಾಸ್ತನ ಕೆಲಸ. ಸುಮಂತ ಪುಸ್ತಕ ಬಿಚ್ಚಿ ಬರೆದ: ‘ಸುಮಂತನ ದಕ್ಷತೆಯನ್ನು ಮೆಚ್ಚಿ, ಅವನನ್ನು ಇನ್ನೂ ಐದು ವರ್ಷ ಹಂಗಾಮಿಯಾಗಿಯೇ ಉಳಿಸಿಕೊಳ್ಳಲು ಠರಾಯಿಸಲಾಯಿತು.’

ಶಂಕ್ರಪ್ಪನವರು ಬಗ್ಗಿ ನೋಡಿದರು. “ಅಕ್ಷರ ಎಷ್ಟು ಛಲೋ ಅದಾವ ನೋಡ್ರಿ. ಕಾಯಂ ಆದವ್ರು ಹಿಂಗ ಬರಿಯೂದುಲ್ಲ.”